ಡಿ12 ಪೆಟ್ಟು, ಎಐಎಸ್ ಬಿ: ಮನೆಯವರು ಎಪಿಡ್ಯೂರಲ್ ಸ್ಟಿಮ್ಯುಲೇಶನ್ ಕೇಳುತ್ತಿದ್ದಾರೆ, ಏನು ಹೇಳಲಿ?

ಮಲ್ನಾಡ್_ಫಿಸಿಯೋ:
ಅಡಿಕೆ ಮರದಿಂದ ಬಿದ್ದ ರೋಗಿ. ಡಿ12 (ಎದೆಮಟ್ಟದ ಕೊನೆಯ ಬೆನ್ನುಮೂಳೆ) ಬರ್ಸ್ಟ್ ಫ್ರ್ಯಾಕ್ಚರ್ (ಮೂಳೆ ಒಡೆದು ಚೂರಾಗಿದೆ), ಸ್ಕ್ರೂ-ರಾಡ್ ಹಾಕಿ 9 ತಿಂಗಳು. ಗುದದ ಸುತ್ತ ಸ್ಪರ್ಶ ತಿಳಿಯುತ್ತದೆ, ಬಿಗಿಹಿಡಿಯಲು ಆಗುವುದಿಲ್ಲ, ಅದಕ್ಕೇ ಎಐಎಸ್ (ಹುರಿ ಪೆಟ್ಟಿನ ತೀವ್ರತೆಯ ದರ್ಜೆ) ಬಿ ಎಂದಿದ್ದೇನೆ. ಸ್ನಾಯು ಬಲ 5ಕ್ಕೆ: ಸೊಂಟ ಮಡಚುವ ಸ್ನಾಯು ಎರಡೂ ಕಡೆ 3, ಕ್ವಾಡ್ರಿಸೆಪ್ಸ್ (ತೊಡೆಯ ಮುಂಭಾಗದ ಸ್ನಾಯು) ಬಲಕ್ಕೆ 2, ಎಡಕ್ಕೆ 1, ಪಾದದಲ್ಲಿ 0. ಕಾಲು ಪೂರ್ತಿ ಸಡಿಲ. ಪಾದ 15 ಡಿಗ್ರಿ ಕೆಳಮುಖವಾಗಿ ಸೆಟೆದಿದೆ. ಬೆನ್ನುಹುರಿಗೆ ಕರೆಂಟ್ ಕೊಟ್ಟು (ಅದೇ ಎಪಿಡ್ಯೂರಲ್ ಸ್ಟಿಮ್ಯುಲೇಶನ್) ನಡೆಸಿದ ವಿಡಿಯೊ ನೋಡಿ ಮನೆಯವರು ತೋಟ ಮಾರಲೂ ತಯಾರು. ಆ ಸಂಶೋಧನೆ ಇವರಿಗೆ ಅನ್ವಯಿಸುತ್ತದೆಯೇ? ಈಗ ಟ್ರೆಡ್‌ಮಿಲ್-ಹಾರ್ನೆಸ್ (ಮೈಭಾರ ತೂಗುವ ಪಟ್ಟಿ) ಇರುವ ಸೆಂಟರಿಗೆ ಕಳಿಸಬೇಕೇ?

ನರ_ಪುನಶ್ಚೇತನ:
ಮೇಡಂ, ತೋಟ ಮಾರುವುದನ್ನು ಮೊದಲು ತಡೆಯಿರಿ.

ಆ ವಿಡಿಯೊಗಳಲ್ಲಿ ಕಾಣುವವರ ಪೆಟ್ಟು ಕುತ್ತಿಗೆಯಲ್ಲೋ ಎದೆಮಟ್ಟದಲ್ಲೋ ಆಗಿರುತ್ತದೆ. ಕಾಲನ್ನು ಆಡಿಸುವ ಎಲ್2ರಿಂದ ಎಸ್1ರವರೆಗಿನ ಹುರಿಯ ಭಾಗ ಅವರಲ್ಲಿ ಜೀವಂತವಿದೆ, ಮೆದುಳಿನ ಸಂಪರ್ಕ ಮಾತ್ರ ಕಡಿದಿದೆ. ಎಲೆಕ್ಟ್ರೋಡ್ ಹುರಿಯನ್ನು ರಿಪೇರಿ ಮಾಡುವುದಿಲ್ಲ. ಹಿಂಬದಿಯ ನರಬೇರುಗಳನ್ನು ಕೆರಳಿಸಿ ಆ ಭಾಗವನ್ನು ಎಚ್ಚರವಾಗಿಡುತ್ತದೆ, ಅಷ್ಟೆ. ಹುರಿ ಮುಗಿಯುವುದು ಎಲ್1-ಎಲ್2 ಮೂಳೆಯ ಹತ್ತಿರ (ಹುರಿಯ ಈ ಭಾಗಗಳು ಅದೇ ಹೆಸರಿನ ಮೂಳೆಗಿಂತ ಮೇಲಿರುತ್ತವೆ). ಹಾಗಾಗಿ ಡಿ12 ಮೂಳೆ ಒಡೆದರೆ ಪೆಟ್ಟು ಬೀಳುವುದು ನೇರವಾಗಿ ಆ ಭಾಗಕ್ಕೇ. ಸಡಿಲ ಕಾಲು ಅದನ್ನೇ ಹೇಳುತ್ತಿದೆ.

ಖಚಿತಪಡಿಸಿಕೊಳ್ಳಲು ನಿಮ್ಮ ಕ್ಲಿನಿಕ್ಕಿನ ಹಳೆಯ ಸ್ಟಿಮ್ಯುಲೇಟರ್ ಸಾಕು. ಮೊದಲು ಮಂಡಿ, ಹಿಮ್ಮಡಿಯ ಜರ್ಕ್ (ಸುತ್ತಿಗೆಯಿಂದ ತಟ್ಟಿದಾಗಿನ ಎಗರು) ನೋಡಿ. ಆಮೇಲೆ ಫ್ಯಾರಡಿಕ್‌ನಲ್ಲಿ (ಚಿಕ್ಕಚಿಕ್ಕ ಪಲ್ಸ್‌ನ ಕರೆಂಟ್) ಕ್ವಾಡ್ರಿಸೆಪ್ಸ್, ಟಿಬಿಯಾಲಿಸ್ (ಮಂಡಿ ಕೆಳಗೆ ಮುಂಭಾಗದ ಸ್ನಾಯು), ಮೀನಖಂಡ ಒಂದೊಂದಾಗಿ ಪರೀಕ್ಷಿಸಿ. ಪಟ್ಟನೆ ಬಿಗಿದರೆ ನರ ಇದೆ. ಫ್ಯಾರಡಿಕ್‌ಗೆ ಏನೂ ಆಗದೆ, 100 ಮಿಲಿಸೆಕೆಂಡಿನ ಉದ್ದನೆಯ ಗ್ಯಾಲ್ವಾನಿಕ್ (ನೇರ ಕರೆಂಟ್) ಪಲ್ಸ್‌ಗೆ ಹುಳು ತೆವಳಿದಂತೆ ನಿಧಾನವಾಗಿ ಬಿಗಿದರೆ ಆ ಸ್ನಾಯುವಿಗೆ ನರ ತಪ್ಪಿದೆ. ಸ್ಪರ್ಶ ತಿಳಿಯದ ಚರ್ಮ, ಗ್ಯಾಲ್ವಾನಿಕ್‌ನಲ್ಲಿ ಸುಟ್ಟರೂ ರೋಗಿಗೆ ಗೊತ್ತಾಗದು. ಪ್ಯಾಡ್ ಚೆನ್ನಾಗಿ ಒದ್ದೆಯಿರಲಿ, ಹತ್ತಾರು ಪಲ್ಸ್‌ಗೆ ನಿಲ್ಲಿಸಿ, ಚರ್ಮ ನೋಡಿ.

ಮನೆಯವರಿಗೆ ಇದನ್ನೂ ಹೇಳಿ: 2018ರ ಅಮೆರಿಕದ ಲೂಯಿವಿಲ್ ವಿಶ್ವವಿದ್ಯಾಲಯದ ವರದಿಯಲ್ಲಿ ನಾಲ್ವರಿಗೆ ಇಂಪ್ಲಾಂಟ್ ಹಾಕಿದ್ದರು. ನಾಲ್ವರೂ ನಿಂತರು, ನೆಲದ ಮೇಲೆ ನಡೆದವರು ಇಬ್ಬರೇ. ಅವರಲ್ಲಿ ಒಬ್ಬರಿಗೆ 85 ವಾರಗಳಲ್ಲಿ 278 ಸೆಷನ್ ಬೇಕಾದವು. ತರಬೇತಿಯ ನಡುವೆಯೇ ಒಬ್ಬರ ಸೊಂಟದ ಮೂಳೆ ಮುರಿಯಿತು. ಚರ್ಮದ ಮೇಲಿಂದಲೇ ಕರೆಂಟ್ ಕೊಡುವ ಸಾಧನ ಎಆರ್‌ಸಿ-ಇಎಕ್ಸ್‌ಗೆ 2024ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತಲ್ಲ, ಅದು ಕುತ್ತಿಗೆ ಪೆಟ್ಟಿನವರ ಕೈಗೆ. ಕಾಲಿಗಲ್ಲ.

ಹಾರ್ನೆಸ್ ವಿಷಯ: ಭಾಗಶಃ ಪೆಟ್ಟಿನ 146 ಜನರ ಮೇಲೆ 12 ವಾರ ನಡೆದು 2006ರಲ್ಲಿ ಪ್ರಕಟವಾದ ಟ್ರಯಲ್‌ನಲ್ಲಿ ಟ್ರೆಡ್‌ಮಿಲ್‌ಗೂ ನೆಲದ ಮೇಲಿನ ಅಭ್ಯಾಸಕ್ಕೂ ವ್ಯತ್ಯಾಸ ಕಾಣಲಿಲ್ಲ. ಪ್ಯಾರಲಲ್ ಬಾರ್ ಇದ್ದರೆ ಎಲ್ಲಿಗೂ ಕಳಿಸಬೇಡಿ.

ಮಲ್ನಾಡ್_ಫಿಸಿಯೋ:
ನೋಡಿದೆ ಸರ್. ಹಿಮ್ಮಡಿ ಜರ್ಕ್ ಇಲ್ಲ. ಫ್ಯಾರಡಿಕ್‌ಗೆ ಬಲ ಕ್ವಾಡ್ರಿಸೆಪ್ಸ್ ಚೆನ್ನಾಗಿ, ಎಡದ್ದು ಸ್ವಲ್ಪ ಬಿಗಿಯಿತು. ಮಂಡಿಯ ಕೆಳಗೆ ಗ್ಯಾಲ್ವಾನಿಕ್‌ಗೆ ಮಾತ್ರ, ಅದೂ ನಿಧಾನ. ಹಾಗಾದರೆ ಕ್ಯಾಲಿಪರ್ರೇ (ಕಾಲಿಗೆ ಕಟ್ಟುವ ಆಧಾರ)?

ಕ್ಯಾಲಿಪರ್_ವರ್ಕ್‌ಶಾಪ್:
ಕ್ಯಾಲಿಪರ್ರೇ. ಸೊಂಟ 3 ಇರುವುದು ದೊಡ್ಡ ಬಂಡವಾಳ. ಎರಡೂ ಕಾಲಿಗೆ ಮಂಡಿ ಲಾಕ್ ಇರುವ ಉದ್ದ ಕ್ಯಾಲಿಪರ್‌ನಿಂದ ಶುರು ಮಾಡಿ. ಬಲ ಕ್ವಾಡ್ರಿಸೆಪ್ಸ್ 3 ದಾಟಿ ನಿಂತರೆ ಆ ಕಾಲಿಗೆ ಮಂಡಿ ಕೆಳಗಿನ ಸ್ಪ್ಲಿಂಟ್ ಸಾಕಾಗಬಹುದು, ಆಗ ನಡಿಗೆಯ ಸುಸ್ತು ಬಹಳ ಇಳಿಯುತ್ತದೆ.

ಆದರೆ ಈ ಪಾದಕ್ಕೆ ಅಳತೆ ತೆಗೆಯಬೇಡಿ. ಸೊಂಟ ಮುಂದೆ, ಭುಜ ಹಿಂದೆ ಮಾಡಿ ನಿಲ್ಲುವ ಭಂಗಿ ಸಿಗಬೇಕಾದರೆ ಪಾದ 5ರಿಂದ 10 ಡಿಗ್ರಿ ಮೇಲ್ಮುಖವಾಗಿ ಲಾಕ್ ಆಗಬೇಕು. ಕೆಳಮುಖವಾಗಿದ್ದರೆ ಭಾರ ಹಿಂದಕ್ಕೆ ಜಾರುತ್ತದೆ, ರೋಗಿ ಸೊಂಟ ಮಡಚಿ ಮುಂದಕ್ಕೆ ಬಾಗುತ್ತಾನೆ, ಕೊನೆಗೆ ಮೈಭಾರವೆಲ್ಲ ಕೈ ಮೇಲೆ. ದಿನಕ್ಕೆ ಹತ್ತು ನಿಮಿಷ ಕೈಯಲ್ಲಿ ಎಳೆದರೆ 15 ಡಿಗ್ರಿ ಬಿಡುವುದಿಲ್ಲ. 2017ರ ಕೊಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳ ಒಟ್ಟು ಪರಿಶೀಲನೆ) ನೋಡಿದರೆ ಸ್ಟ್ರೆಚಿಂಗ್ ಬಗ್ಗೆ ನಾವಿಟ್ಟ ನಂಬಿಕೆಯೇ ಜಾಸ್ತಿ. ಸೀರಿಯಲ್ ಪ್ಲಾಸ್ಟರ್ (ಪ್ರತಿ ಸಲ ಪಾದ ಸ್ವಲ್ಪ ಮೇಲೆತ್ತಿ ಹೊಸದಾಗಿ ಹಾಕುವುದು) ಪ್ರಯತ್ನಿಸಿ, ಒಳಗೆ ದಪ್ಪ ಹತ್ತಿ, ಬೇಗಬೇಗ ಬದಲಾವಣೆ. ಹಿಮ್ಮಡಿ ಹುಣ್ಣಾದರೆ ತಿಂಗಳುಗಟ್ಟಲೆ ಹಿಂದಕ್ಕೆ ಹೋಗುತ್ತೀರಿ. ಬಗ್ಗದಿದ್ದರೆ ಆರ್ಥೋದವರಿಂದ ಅಕಿಲಿಸ್ ಟೆಂಡನ್ ಉದ್ದ ಮಾಡಿಸಿ. ಒಂದೆರಡು ಡಿಗ್ರಿ ಉಳಿದರೆ ಬೂಟಿನ ಹಿಮ್ಮಡಿ ಎತ್ತರಿಸಿಕೊಳ್ಳಬಹುದು.

ಅಷ್ಟರಲ್ಲಿ ಟಿಲ್ಟ್ ಟೇಬಲ್ (ಮಲಗಿಸಿ ನಿಧಾನವಾಗಿ ನಿಲ್ಲಿಸುವ ಮೇಜು): 30 ಡಿಗ್ರಿಯಿಂದ ಆರಂಭಿಸಿ, ಬಿಪಿ ನೋಡುತ್ತ ಏರಿಸಿ. ಅದಕ್ಕೂ ಮೊದಲು ಮಂಡಿಯ ಎಕ್ಸ್-ರೇ, ಸಾಧ್ಯವಾದರೆ ಡೆಕ್ಸಾ (ಮೂಳೆ ಸಾಂದ್ರತೆಯ ಪರೀಕ್ಷೆ). ಮೂಳೆ ಹೆಚ್ಚು ಸವೆಯುವುದು ಮಂಡಿಯ ಮೇಲೆ-ಕೆಳಗೆ.

ಸುಮ್ನೆ_ಓದುಗ:
ಸ್ಟೆಮ್ ಸೆಲ್?

ನರ_ಪುನಶ್ಚೇತನ:
ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯ ಪ್ರಕಾರ ಬೆನ್ನುಹುರಿ ಪೆಟ್ಟಿಗೆ ಅದು ಚಿಕಿತ್ಸೆಯಲ್ಲ, ಟ್ರಯಲ್‌ನಲ್ಲಿ ಮಾತ್ರ ಕೊಡಬಹುದು. ಸಿಟಿಆರ್‌ಐ (ಭಾರತದ ಟ್ರಯಲ್‌ಗಳ ದಾಖಲೆ) ನೋಂದಣಿ ಸಂಖ್ಯೆ ಕೇಳಿ. ಟ್ರಯಲ್ ಎನ್ನುತ್ತ ಲಕ್ಷಗಟ್ಟಲೆ ಬಿಲ್ ಮಾಡಿದರೆ ಎದ್ದು ಬನ್ನಿ.

ಮೇಡಂ, ಕ್ಯಾಲಿಪರ್ ಬಂದ ದಿನ ಹದಿನೈದೇ ನಿಮಿಷ ಹಾಕಿಸಿ, ಬಿಚ್ಚಿ, ಗಿಣ್ಣು, ಹಿಮ್ಮಡಿ, ತೊಡೆಪಟ್ಟಿಯ ಜಾಗ ನೋಡಿ. ಅರ್ಧ ಗಂಟೆಯಲ್ಲಿ ಕೆಂಪು ಇಳಿಯದಿದ್ದರೆ ವರ್ಕ್‌ಶಾಪಿಗೆ ವಾಪಸ್. ಮೂತ್ರದ ವಿಷಯ ಬರೆಯಲೇ ಇಲ್ಲ: ಇನ್ನೂ ಕ್ಯಾಥೆಟರ್ ಬಿಟ್ಟಿದ್ದಾರೋ, 4ರಿಂದ 6 ಗಂಟೆಗೊಮ್ಮೆ ತಾವೇ ಹಾಕಿ ತೆಗೆಯುತ್ತಾರೋ? ಪ್ರತಿ ಸಲ 500 ಮಿಲೀ ಒಳಗಿದೆಯೇ?