ಅಪ್‌ಡೇಟ್: ಕಿವಿಯ ಗುಗ್ಗೆಗೆ ಅಗ್ನಿವೀರ್ ಮೆಡಿಕಲ್‌ನಲ್ಲಿ ನಿಂತಿದ್ದ ಮಗ ಪಾಸಾದ

ಎಲ್ಲರಿಗೂ ನಮಸ್ಕಾರ, ಬೀದರ್‌ನಿಂದ. ಸೇನೆಯ ಅಗ್ನಿವೀರ್ ಭರ್ತಿ ರ‍್ಯಾಲಿಯಲ್ಲಿ 1.6 ಕಿಲೋಮೀಟರ್ ಓಟ ಚೆನ್ನಾಗಿ ಓಡಿದ ಮಗನನ್ನು ಮೆಡಿಕಲ್‌ನಲ್ಲಿ ಕಿವಿಯ ಗುಗ್ಗೆಗೆ ತಡೆದಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ರಿವ್ಯೂನಲ್ಲಿ, ಅಂದರೆ ಮರು ತಪಾಸಣೆಯಲ್ಲಿ, ಫಿಟ್ ಅಂತ ಬಂತು!

ಕೆಲಸಕ್ಕೆ ಬಂದದ್ದು "ಸುಮ್ನೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ" ಎಂದವರ ಮಾತು. ಡಾಕ್ಟರ್ ಮೊದಲು ಮೆತ್ತಗಾಗಲು ಡ್ರಾಪ್ಸ್ ಕೊಟ್ಟರು. ಆಮೇಲೆ ಸಣ್ಣ ಸಕ್ಷನ್ ನಳಿಗೆಯಿಂದ ಎಳೆದರು. ಕಡಲೆಬೇಳೆಯಷ್ಟು ಕಪ್ಪು ಗಟ್ಟಿ ಹೊರಬಂತು. "ಅವ್ವಾ, ಫ್ಯಾನ್ ಇಷ್ಟು ಜೋರು ಸದ್ದು ಮಾಡುತ್ತಾ?" ಅಂದ. ಕೊಬ್ಬರಿ ಎಣ್ಣೆಯಿಂದ ನಮಗೆ ಉಪಯೋಗ ಆಗಲಿಲ್ಲ. ಇಯರ್‌ಬಡ್ ಅಂತೂ ಬೇಡವೇ ಬೇಡ, ಗುಗ್ಗೆಯನ್ನು ಇನ್ನೂ ಒಳಗೆ ತಳ್ಳುತ್ತದೆ.

ಹೊಸದಾಗಿ ತಿಳಿದದ್ದು: ಗುಗ್ಗೆ ರೋಗವಲ್ಲ. ಅಡ್ಡ ಇದ್ದರೆ ಕಿವಿಯ ತಮಟೆ ಕಾಣುವುದಿಲ್ಲ, ಅದಕ್ಕೇ ತಡೆಯುತ್ತಾರೆ. ಟೆಂಪರರಿ ಅನ್‌ಫಿಟ್ (ಸದ್ಯಕ್ಕೆ ಅನರ್ಹ) ಅಂದರೆ ಎಲ್ಲ ಮುಗಿದ ಹಾಗಲ್ಲ. ಮಿಲಿಟರಿ ಆಸ್ಪತ್ರೆಯಲ್ಲಿ ಮತ್ತೆ ತೋರಿಸಬಹುದು. ಆದರೆ ಮೆಡಿಕಲ್‌ನಲ್ಲಿ ಕೊಟ್ಟ ಚೀಟಿಯಲ್ಲಿ ಬರೆದ ಅವಧಿಯೊಳಗೆ ಹೋಗಲೇಬೇಕು. ಹುಡುಗರು ಗಾಬರಿಬಿದ್ದು ಅಲ್ಲೇ ಕೈಬಿಡುತ್ತಾರೆ, ಅದೇ ಬೇಜಾರು.

ಇನ್ನೊಂದು, 18 ತುಂಬದ ಮಕ್ಕಳಿಗೆ ತಂದೆ-ತಾಯಿಯ ಸಹಿ ಇರುವ ಒಪ್ಪಿಗೆ ಪತ್ರ ಬೇಕು. ಮೊದಲೇ ಮಾಡಿಸಿಟ್ಟುಕೊಳ್ಳಿ. ಈಗ ಮೆರಿಟ್ ಪಟ್ಟಿಗೆ ಕಾಯುತ್ತಿದ್ದೇವೆ, ಬಂದರೆ ಇಲ್ಲೇ ತಿಳಿಸುತ್ತೇನೆ.