ಮೈಕಲ್ ಫುಟ್: ಪತ್ರಿಕೆ ಅವರಿಗೆ ಮೆಟ್ಟಿಲಾಗಿತ್ತೇ?

ಪ್ರಶ್ನೆ (ಡೊಂಬಿವಲಿಯಿಂದ)
ಮಾನ್ಯರೇ, ನಮ್ಮ ಕನ್ನಡ ಓದುಗರ ಬಳಗದಲ್ಲಿ ಮುಂದಿನ ತಿಂಗಳು ಪತ್ರಿಕೆಯಿಂದ ಸಂಸತ್ತಿಗೆ ಹೋದವರ ಬಗ್ಗೆ ನಾನು ಮಾತನಾಡಬೇಕಾಗಿದ್ದು, ಬ್ರಿಟನ್ನಿನ ಲೇಬರ್ ಪಕ್ಷದ ನಾಯಕರಾಗಿದ್ದ ಮೈಕಲ್ ಫುಟ್ ಅವರನ್ನು ಆರಿಸಿಕೊಂಡಿದ್ದೇನೆ. ನಾನು ಓದಿದ ಬರಹಗಳೆಲ್ಲ, ಪಕ್ಷ ಕೇವಲ 209 ಸ್ಥಾನಗಳಿಗೆ ಇಳಿದ 1983ರ ಸೋಲಿನ ಸುತ್ತಲೇ ಇವೆ. ಪತ್ರಿಕಾವೃತ್ತಿ ಅವರಿಗೆ ಬರೀ ಮೆಟ್ಟಿಲಾಗಿತ್ತೇ? ಬಲ್ಲವರು ತಿಳಿಸಬೇಕೆಂದು ವಿನಂತಿ.

ಉತ್ತರ (ಮಾಟುಂಗಾದಿಂದ)
ಮೆಟ್ಟಿಲೆಂದು ನನಗೆ ಅನ್ನಿಸುವುದಿಲ್ಲ. 1937ರಲ್ಲಿ ಆರಂಭವಾದ ‘ಟ್ರಿಬ್ಯೂನ್’ ವಾರಪತ್ರಿಕೆಯನ್ನು ಅವರು ಮೊದಲಿಗೇ ಸೇರಿದರು. ಅದರ ಸ್ಥಾಪಕರಲ್ಲೊಬ್ಬರು, ಮುಂದೆ 1942ರಲ್ಲಿ ಸಂಧಾನಕ್ಕೆಂದು ನಮ್ಮ ದೇಶಕ್ಕೆ ಬಂದ ಸ್ಟ್ಯಾಫರ್ಡ್ ಕ್ರಿಪ್ಸ್. 1938ರಲ್ಲಿ ಪತ್ರಿಕೆಯ ಸಂಪಾದಕ ವಿಲಿಯಂ ಮೆಲರ್ ಅವರನ್ನು ತೆಗೆದುಹಾಕಿದಾಗ ಫುಟ್ ತಾವೂ ಹೊರನಡೆದರು. 1940ರಲ್ಲಿ, ಹಿಟ್ಲರನನ್ನು ಓಲೈಸಿದ ಮಂತ್ರಿಗಳನ್ನು ಹೆಸರು ಹಿಡಿದು ದೂಷಿಸಿದ ‘ಗಿಲ್ಟಿ ಮೆನ್’ ಪುಸ್ತಕವನ್ನು ಇನ್ನಿಬ್ಬರು ಪತ್ರಕರ್ತರೊಡನೆ ‘ಕೇಟೊ’ ಎಂಬ ಗುಪ್ತನಾಮದಲ್ಲಿ ಬರೆದರು. 1942ರಲ್ಲಿ, 28ನೆಯ ವಯಸ್ಸಿಗೇ, ‘ಈವನಿಂಗ್ ಸ್ಟ್ಯಾಂಡರ್ಡ್’ ಸಂಜೆಪತ್ರಿಕೆಯ ಸಂಪಾದಕರಾದರು. 1945ರಲ್ಲಿ ಪ್ಲಿಮತ್ ಡೆವನ್‌ಪೋರ್ಟಿನಿಂದ ಗೆದ್ದವರು 1955ರಲ್ಲಿ ಸೋತರು. ಸೋತವರು ನೇರವಾಗಿ ‘ಟ್ರಿಬ್ಯೂನ್’ ಸಂಪಾದಕರ ಕುರ್ಚಿಗೇ ಮರಳಿದರು. ಗೆಳೆಯ ಅನೈರಿನ್ ಬೆವನ್ ತೀರಿಕೊಂಡ ಬಳಿಕ, 1960ರ ಉಪಚುನಾವಣೆಯಲ್ಲಿ ಅವರ ಎಬ್ಬು ವೇಲ್ ಕ್ಷೇತ್ರದಿಂದಲೇ ಗೆದ್ದು ಸಂಸತ್ತಿಗೆ ಹಿಂದಿರುಗಿದರು. ಬೆವನ್ನರ ಜೀವನಚರಿತ್ರೆಯನ್ನೂ ಎರಡು ಸಂಪುಟಗಳಲ್ಲಿ ಬರೆದರು.

ಉತ್ತರ (ಠಾಣೆಯಿಂದ)
ಮಾಟುಂಗಾದ ಹಿರಿಯರು ಹೇಳಿದ್ದೆಲ್ಲ ಸರಿ. ಆದರೆ 1974ರಿಂದ 1976ರವರೆಗೆ ಅವರು ಉದ್ಯೋಗ ಸಚಿವರಾಗಿದ್ದ ಕಾಲವನ್ನು ಬಿಡಬೇಡಿ. ಒಂದು ಸಂಸ್ಥೆಯ ನೌಕರರೆಲ್ಲರೂ ಕಾರ್ಮಿಕ ಸಂಘದ ಸದಸ್ಯರಾಗಿರಲೇಬೇಕು ಎಂಬ ಒಪ್ಪಂದಕ್ಕೆ ಅವರ ಮಸೂದೆ ಅವಕಾಶ ನೀಡಿದಾಗ, ಯಾರು ಬರೆಯಬೇಕು, ಯಾರು ಬರೆಯಬಾರದು ಎಂಬುದನ್ನು ಇನ್ನು ಸಂಘವೇ ನಿರ್ಧರಿಸೀತೆಂದು ಪತ್ರಿಕಾ ಸಂಪಾದಕರು ಅವರ ವಿರುದ್ಧವೇ ತಿರುಗಿಬಿದ್ದರು. ಸ್ವತಃ ಪತ್ರಕರ್ತರ ಸಂಘದ ಸದಸ್ಯರಾಗಿದ್ದ ಫುಟ್ ಆ ಆತಂಕವನ್ನು ಒಪ್ಪಲಿಲ್ಲ.

ನನ್ನನ್ನು ನೋಯಿಸಿದ್ದು ಇನ್ನೊಂದು ಸಂಗತಿ. ತುರ್ತುಪರಿಸ್ಥಿತಿಯಲ್ಲಿ ಅವರು ಇಂದಿರಾ ಗಾಂಧಿಯವರ ಪರ ನಿಂತರು. ಆಗ ನಾನು ಫೋರ್ಟಿನ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದೆ. ಸೆನ್ಸಾರಿನಿಂದಾಗಿ, ಜೋಡಿಸಿದ ಅಚ್ಚಿನ ಮೊಳೆಗಳನ್ನು ಕಡೆಯ ಗಳಿಗೆಯಲ್ಲಿ ಕಿತ್ತುಹಾಕುವುದನ್ನು ಕಣ್ಣಾರೆ ಕಂಡವನಿಗೆ, ಲೇಖನಿಯಿಂದಲೇ ಬೆಳೆದ ವ್ಯಕ್ತಿಯ ಆ ನಿಲುವನ್ನು ಇಂದಿಗೂ ಕ್ಷಮಿಸಲಾಗುತ್ತಿಲ್ಲ.

ಉತ್ತರ (ಪುಣೆಯಿಂದ)
ಅದರ ಬೇರು ಹಳೆಯದು, ಸರ್. ಭಾರತದ ಸ್ವಾತಂತ್ರ್ಯಕ್ಕಾಗಿ ಲಂಡನ್ನಿನಲ್ಲಿ ಕೃಷ್ಣ ಮೆನನ್ ನಡೆಸುತ್ತಿದ್ದ ಇಂಡಿಯಾ ಲೀಗಿನ ನಂಟು ಫುಟ್ ಅವರಿಗೆ ಇತ್ತು. 1957 ಮತ್ತು 1962ರಲ್ಲಿ ಉತ್ತರ ಮುಂಬಯಿಯ ಮತದಾರರು ಲೋಕಸಭೆಗೆ ಕಳಿಸಿದ ಮೆನನ್ ಅವರೇ ಇವರು. ನಮ್ಮ ಸ್ವಾತಂತ್ರ್ಯವನ್ನು ಬೆಂಬಲಿಸಿದವರಿಗೆ ನೆಹರೂ ಮನೆತನದ ಮೇಲಿದ್ದ ಅಭಿಮಾನ ಕಣ್ಣಿಗೆ ಪೊರೆಯಾಯಿತು ಎಂದು ನನ್ನ ಅನಿಸಿಕೆ. ಕಾರಣ ತಿಳಿದ ಮಾತ್ರಕ್ಕೆ ತಪ್ಪು ಒಪ್ಪಾಗುವುದಿಲ್ಲ, ನಿಮ್ಮ ನೋವು ನ್ಯಾಯವಾದದ್ದು.

ಪ್ರಶ್ನೆ ಕೇಳಿದವರಿಂದ
ಎಲ್ಲರಿಗೂ ಕೃತಜ್ಞತೆಗಳು. ಮಾತನ್ನು 1983ರ ಬದಲು 1955ರಿಂದ ಆರಂಭಿಸುತ್ತೇನೆ. ಠಾಣೆಯ ಹಿರಿಯರು ಅಂದು ಸಭೆಗೆ ಬಂದು ಆ ಮುದ್ರಣಾಲಯದ ದಿನಗಳನ್ನು ತಾವೇ ಹೇಳಬೇಕೆಂದು ಕೋರುತ್ತೇನೆ.