ಹಗುರ ರೈಫಲ್ ಒದೆಯುತ್ತೆ, ಗುರಿ ಚದುರುತ್ತೆ: ಅನುಭವ ಇದ್ದವರು ಹೇಳಿ

ಪ್ರಶ್ನೆ (ಫೋರ್ಟ್ ಕಾಲಿನ್ಸ್, ಕೊಲರಾಡೊ)

ಎಲ್ಲರಿಗೂ ನಮಸ್ಕಾರ. ನನ್ನೂರು ದಾವಣಗೆರೆ, ಇಲ್ಲಿಗೆ ಬಂದು ಹನ್ನೊಂದು ವರ್ಷ. ಹಂಟರ್ ಎಜುಕೇಶನ್ ಮುಗಿಸಿದ್ದೇನೆ, ಈ ವರ್ಷ ಮೊದಲ ಸಲ ಹೆಣ್ಣು ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಟ್ಯಾಗ್, ಅಂದರೆ ಒಂದು ಪ್ರಾಣಿ ಹೊಡೆಯೋ ಪರವಾನಗಿ, ಸಿಕ್ಕಿದೆ. ಅಕ್ಟೋಬರ್‌ನಲ್ಲಿ ಬೇಟೆ. ಬೆಟ್ಟ ಹತ್ತೋಕೆ ಸುಲಭ ಆಗಲಿ ಅಂತ ಹಗುರದ .308 (ತೋಟಾದ ಅಳತೆ) ರೈಫಲ್ ತಗೊಂಡೆ. ಸ್ಕೋಪ್ (ಗುರಿ ನೋಡೋ ದುರ್ಬೀನು) ಸೇರಿ ಆರೂವರೆ ಪೌಂಡ್. 100 ಗಜದಲ್ಲಿ ಮೊದಲ ಎರಡು ಗುಂಡು ಅಕ್ಕಪಕ್ಕ ಬೀಳುತ್ತವೆ, ಆಮೇಲಿನವು ನಾಲ್ಕೈದು ಇಂಚು ಚದುರುತ್ತವೆ, ಹೆಚ್ಚಿನವು ಕೆಳಗೆ ಎಡಕ್ಕೆ. ಗೆಳೆಯನ 9 ಪೌಂಡಿನ .308ರಲ್ಲಿ ಅದೇ ತೋಟಾ ಹೊಡೆದರೆ ಒಂದೂವರೆ ಇಂಚಿನೊಳಗೆ ಕೂರುತ್ತವೆ. ಇಪ್ಪತ್ತು ಗುಂಡು ಹೊಡೆಯೋ ಹೊತ್ತಿಗೆ ಭುಜ ಕಪ್ಪಗಾಯಿತು, ಸ್ಕೋಪ್ ಹುಬ್ಬಿಗೆ ಬಡಿದು ರಕ್ತ ಬಂತು. ರೈಫಲ್ಲೇ ಸರಿಯಿಲ್ವಾ? ವಾಪಸ್ ಕೊಡಲಾ?

ಉತ್ತರ (ಡೆನ್ವರ್, ಊರು ಸಕಲೇಶಪುರ)

ವಾಪಸ್ ಕೊಡಬೇಡಿ ತಮ್ಮಾ. ಮೊದಲ ಎರಡು ಗುಂಡು ಅಕ್ಕಪಕ್ಕ ಬೀಳುತ್ತವೆ ಅಂದರೆ ನಳಿಗೆ ಚೆನ್ನಾಗಿದೆ ಅಂತಲೇ ಲೆಕ್ಕ. ಆಮೇಲೆ ಚದುರೋದಕ್ಕೆ ಎರಡು ಕಾರಣ ಇರಬಹುದು: ನಳಿಗೆಯ ಬಿಸಿ, ಇಲ್ಲವೇ ಒದೆತದ ಹೆದರಿಕೆ. ನೀವು ಬಲಗೈಯವರಾದರೆ, ಕೆಳಗೆ ಎಡಕ್ಕೆ ಬೀಳೋದನ್ನು ನೋಡಿದರೆ, ನನ್ನ ಅನುಮಾನ ಎರಡನೆಯದರ ಮೇಲೇ.

ಎಂಟು ವರ್ಷದ ಹಿಂದೆ ನನಗೂ ಇದೇ ಆಗಿತ್ತು. ನನ್ನದು ಹಗುರದ .30-06. ಮೂರು ಬಗೆ ತೋಟಾ ಬದಲಾಯಿಸಿದೆ, ಸ್ಕೋಪ್ ಬದಲಾಯಿಸಿದೆ, ದುಡ್ಡು ಹೋಯಿತೇ ಹೊರತು ಗುರಿ ಬರಲಿಲ್ಲ. ಒಂದು ದಿನ ರೇಂಜಿನಲ್ಲಿದ್ದ ಹಿರಿಯರೊಬ್ಬರು ಪಕ್ಕಕ್ಕೆ ಬಂದು, "ನೀನು ಆ ಕಡೆ ತಿರುಗು, ನಾನು ತುಂಬಿಸ್ತೀನಿ" ಅಂದರು. ನಳಿಗೆ ಗುರಿಹಲಗೆ ಕಡೆಗೇ ಇರೋ ಹಾಗೆ ಮೇಜಿನ ಮೇಲಿಟ್ಟು, ಕೆಲವು ಸಲ ನಿಜವಾದ ತೋಟಾ, ಕೆಲವು ಸಲ ಮದ್ದಿಲ್ಲದ ಡಮ್ಮಿ ತೋಟಾ ಹಾಕಿ ಕೊಟ್ಟರು. ಯಾವುದಿದೆ ಅಂತ ನನಗೆ ಗೊತ್ತಿಲ್ಲ. ನಾಲ್ಕನೇ ಸಲ ಟ್ರಿಗರ್ ಎಳೆದೆ, ಟಕ್ ಅಂತು, ಅಷ್ಟೇ. ಆದರೆ ನಳಿಗೆಯ ತುದಿ ಕೊಕ್ಕರೆ ನೀರಿಗೆ ಕೊಕ್ಕು ಹಾಕಿದ ಹಾಗೆ ಗಬಕ್ಕನೆ ಕೆಳಗಿಳಿಯಿತು. ಎರಡೂ ಕಣ್ಣು ಮುಚ್ಚಿದ್ದೆ. ಹೆಗಲು ಮುಂದಕ್ಕೆ ನುಗ್ಗಿತ್ತು. ಬರದೇ ಇದ್ದ ಒದೆತವನ್ನು ನನ್ನ ಮೈ ಎದುರಿಸಿ ತಳ್ಳಿತ್ತು. ನಿಜವಾದ ಗುಂಡು ಹೊಡೆಯುವಾಗ ಇದು ಕಾಣೋದೇ ಇಲ್ಲ, ಎಲ್ಲ ಆ ಸದ್ದಿನಲ್ಲೇ ಮುಚ್ಚಿಹೋಗುತ್ತೆ. ನೀವು ಮೊದಲು ಈ ಪರೀಕ್ಷೆ ಮಾಡಿ, ಇನ್ನೊಂದು ಪೈಸೆ ಆಮೇಲೆ ಖರ್ಚು ಮಾಡಿ.

ಒದೆತದ ಲೆಕ್ಕವನ್ನೂ ಸ್ವಲ್ಪ ನೋಡಿ. ತೋಟಾ ಒಂದೇ ಆದರೆ ರೈಫಲ್ ಎಷ್ಟು ಹಗುರವೋ ಒದೆತದ ಶಕ್ತಿ ಅಷ್ಟು ಜಾಸ್ತಿ. 150 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡಿನ .308ಕ್ಕೆ ನಿಮ್ಮ ಗೆಳೆಯನ ರೈಫಲಲ್ಲಿ ಸುಮಾರು 14 ಫುಟ್-ಪೌಂಡ್, ನಿಮ್ಮದರಲ್ಲಿ 19ರಿಂದ 20. ಬರೀ ಜಾಸ್ತಿ ಅಲ್ಲ, ಬೇಗನೂ ಬರುತ್ತೆ, ನೋವು ಮಾಡೋದು ಆ ಚುರುಕು. ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿರಲ್ಲ: ಗುಂಡು ನಳಿಗೆ ದಾಟೋ ಮೊದಲೇ ರೈಫಲ್ ಹಿಂದಕ್ಕೆ ಸರಿಯೋಕೆ ಶುರು ಮಾಡಿರುತ್ತೆ. ನಿಮ್ಮಷ್ಟು ತೂಕದ ರೈಫಲಲ್ಲಿ ಅದು ಸುಮಾರು 2 ಮಿಲಿಮೀಟರ್. ಅಷ್ಟರಲ್ಲಿ ಅದು ನೇರ ಹಿಂದಕ್ಕೆ ಬಂತೋ, ಸೊಟ್ಟಗೆ ಬಂತೋ ಅನ್ನೋದು ನೀವು ಹಿಡಿದಿರೋ ರೀತಿಯ ಮೇಲೆ. ಭಾರದ ರೈಫಲ್ ನಮ್ಮ ತಪ್ಪನ್ನು ನುಂಗಿಕೊಳ್ಳುತ್ತೆ. ಹಗುರದ್ದು ಹಾಗಲ್ಲ, ಪ್ರತಿ ಸಲ ಒಂದೇ ಥರ ಹಿಡಿಯಬೇಕು.

ನಾನು ಹಿಡಿಯೋದು ಹೀಗೆ. ಮರಳು ಚೀಲದ ಮೇಲೆ ನಳಿಗೆ ಇಡಲ್ಲ, ಸ್ಟಾಕಿನ (ನಳಿಗೆ ಕೂರಿಸಿರೋ ಹಿಡಿಯ ಭಾಗ) ಮುಂಭಾಗ ಇಡ್ತೀನಿ. ಎಡಗೈ ಸುಮ್ಮನೆ ಹಿಂದಿನ ಚೀಲ ಹಿಂಡ್ತಾ ಕೂರಲ್ಲ, ಸ್ಟಾಕಿನ ಮುಂಭಾಗವನ್ನೇ ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆದಿರುತ್ತೆ. ಬಟ್ (ಸ್ಟಾಕಿನ ಹಿಂತುದಿ) ಹೆಗಲ ಗುಳಿಯಲ್ಲಿ ಕೂರಬೇಕು, ತೋಳಿನ ಮೂಳೆ ಮೇಲಲ್ಲ. ಮೇಜು ಎತ್ತರ ಇರಲಿ, ಬೆನ್ನು ನೆಟ್ಟಗಿರಲಿ. ಮೇಜಿನ ಮೇಲೆ ಬಗ್ಗಿ ಮಲಗಿದ ಹಾಗೆ ಕೂತರೆ ಎಲ್ಲ ಒದೆತವನ್ನೂ ಭುಜದ ಮೂಳೆಯೇ ತಿನ್ನಬೇಕು, ಮುಖವೂ ಸ್ಕೋಪಿಗೆ ಹತ್ತಿರ ಹೋಗುತ್ತೆ. ನಿಮ್ಮ ಹುಬ್ಬು ಒಡೆದಿದ್ದು ಹೀಗೇ ಇರಬೇಕು. ಸ್ಕೋಪನ್ನು ಸ್ವಲ್ಪ ಮುಂದಕ್ಕೆ ಸರಿಸಿ. ಬೇಟೆಗೆ ಹಾಕೋ ದಪ್ಪ ಜಾಕೆಟ್ ಹಾಕಿಕೊಂಡು, ಕಣ್ಣು ಮುಚ್ಚಿ ರೈಫಲ್ ಎತ್ತಿ, ಕಣ್ಣು ಬಿಟ್ಟಾಗ ಸ್ಕೋಪಿನೊಳಗೆ ಪೂರ್ತಿ ವೃತ್ತ ಕಾಣಬೇಕು. ಮಲಗಿಕೊಂಡೂ ಒಂದು ಸಲ ನೋಡಿ, ಮಲಗಿದಾಗ ಕಣ್ಣು ಇನ್ನೂ ಹತ್ತಿರ ಬರುತ್ತೆ.

ಕಿವಿಯ ವಿಷಯದಲ್ಲಿ ಉದಾಸೀನ ಬೇಡ. ರೈಫಲ್ ಸದ್ದು 160 ಡೆಸಿಬೆಲ್ ಆಸುಪಾಸು, 140 ದಾಟಿದರೆ ಕಿವಿಗೆ ಅಪಾಯ. ಕಿವಿಯೊಳಗೆ ಬಿರಡೆ, ಮೇಲೆ ಮಫ್, ಎರಡೂ ಹಾಕಿ. ನನ್ನ ಹೆದರಿಕೆ ಅರ್ಧ ಹೋಗಿದ್ದು ಇದರಿಂದಲೇ, ಏಕೆಂದರೆ ಮೈ ಬೆಚ್ಚೋದು ಒದೆತಕ್ಕಿಂತ ಸದ್ದಿಗೆ ಜಾಸ್ತಿ. ನಳಿಗೆಯ ತುದಿಗೆ ಮಜಲ್ ಬ್ರೇಕ್ ಹಾಕಿದರೆ ಒದೆತ ತಗ್ಗುತ್ತೆ ನಿಜ, ಆದರೆ ಸದ್ದು ಪಕ್ಕಕ್ಕೆ ರಾಚುತ್ತೆ. ಕಾಡಿನಲ್ಲಿ ಕಿವಿ ಮುಚ್ಚಿಕೊಳ್ಳದೆ ಪಕ್ಕದಲ್ಲಿ ಕೂತ ಗೆಳೆಯನಿಗೆ ಅದು ಅನ್ಯಾಯ. ನಾನು ಹಾಕಿಸಲಿಲ್ಲ. ಒಳ್ಳೇ ಮೆತ್ತನೆಯ ಬಟ್ ಪ್ಯಾಡ್ ಹಾಕಿಸಿದೆ, ಸಾಕಾಯಿತು.

ಇನ್ನು ಬಿಸಿ. ಇಂಥ ರೈಫಲ್ಲಿನ ನಳಿಗೆ ತೆಳ್ಳಗಿರುತ್ತೆ, ಮೂರು ಗುಂಡಿಗೇ ಕಾಯುತ್ತೆ. ಮೂರು ಹೊಡೆದು, ಬೋಲ್ಟ್ ತೆಗೆದು ನಿಲ್ಲಿಸಿ, ಬರಿಗೈಗೆ ತಣ್ಣಗೆ ಅನ್ನಿಸೋವರೆಗೆ ಕಾಯಿರಿ. ಗುರಿಹಾಳೆಯ ಮೇಲೆ ತೂತುಗಳಿಗೆ 1, 2, 3 ಅಂತ ನಂಬರ್ ಬರೀರಿ. ಗುಂಡು ಗುಂಡಿಗೂ ನಳಿಗೆ ತಣ್ಣಗಾಗೋಕೆ ಬಿಟ್ಟರೂ ಮೂರನೆಯದು ಚದುರಿದರೆ ಅದು ನೀವು, ಬಿಸಿ ಅಲ್ಲ. ಎಲ್ಕ್ ಎದುರು ಬಂದಾಗ ನಿಮ್ಮ ನಳಿಗೆ ತಣ್ಣಗೇ ಇರುತ್ತೆ. ಹಾಗಾಗಿ ವಾರವಾರ ಹೋಗಿ ತಣ್ಣನೆಯ ನಳಿಗೆಯ ಮೊದಲ ಗುಂಡು ಎಲ್ಲಿ ಬೀಳುತ್ತೆ ಅಂತ ಒಂದೇ ಹಾಳೆಯಲ್ಲಿ ಸೇರಿಸ್ತಾ ಬನ್ನಿ. ಐದು ಗುಂಡು ಒಂದೇ ಸಮ ಹೊಡೆದ ಗುಂಪಿಗಿಂತ ನಾನು ಆ ಹಾಳೆಯನ್ನು ನಂಬ್ತೀನಿ.

ಸ್ಟಾಕಿನ ಸ್ಕ್ರೂ, ಸ್ಕೋಪಿನ ಬೇಸ್, ರಿಂಗ್, ಇವನ್ನು ತಯಾರಕರು ಹೇಳಿದ ಬಿಗಿಗೆ ಟಾರ್ಕ್ ರೆಂಚಲ್ಲಿ ನೋಡಿಬಿಡಿ, ಹತ್ತು ನಿಮಿಷದ ಕೆಲಸ.

ದಿನಕ್ಕೆ ಹತ್ತು ಗುಂಡು ದಾಟಬೇಡಿ. ಇಪ್ಪತ್ತು ಹೊಡೆದರೆ ಕೊನೆಯ ಹತ್ತರಲ್ಲಿ ಮೈ ಹೆದರೋದನ್ನೇ ಕಲಿಯುತ್ತೆ. ಉಳಿದ ಹೊತ್ತು ಒದೆತ ಇಲ್ಲವೇ ಇಲ್ಲ ಅನ್ನೋ ಸಣ್ಣ .22 ರೈಫಲ್ ಹೊಡೆಯಿರಿ. ರಾತ್ರಿ ಮನೇಲಿ ತೋಟಾ ಬೇರೆ ಕೋಣೆಯಲ್ಲಿಟ್ಟು, ಚೇಂಬರ್ ಎರಡು ಸಲ ನೋಡಿ, ಡಮ್ಮಿ ಹಾಕಿ ಖಾಲಿ ಟ್ರಿಗರ್ ಎಳೆಯೋ ಅಭ್ಯಾಸ ಮಾಡಿ. ಎಳೆದ ಮೇಲೂ ಕ್ರಾಸ್‌ಹೇರ್ ಅಲ್ಲೇ ನಿಂತಿರಬೇಕು.

ಉತ್ತರ (ಮಡಿಕೇರಿ)

ನಾನು ಬೇಟೆಗಾರ್ತಿ ಅಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ಮುಗಿದ ಕಥೆ. ಆದರೆ ಕೋವಿ ಮನೆಯಲ್ಲಿದೆ, ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ದಿನ ಹೂವಿಟ್ಟು ಪೂಜೆ ಮಾಡ್ತೇವೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ. ಐದಡಿ ಎತ್ತರದ ಸಣಕಲಿ ನಾನು, ಹೊಡೆಯೋದು 12 ಬೋರ್, ಅದೂ ಜೋರಾಗೇ ಒದೆಯುತ್ತೆ.

ಅಜ್ಜ ಕಲಿಸಿದ್ದು ಒಂದೇ ಮಾತು: ಕೋವಿಗೂ ಹೆಗಲಿಗೂ ನಡುವೆ ಗಾಳಿ ಆಡಬಾರದು. ಸಡಿಲ ಬಿಟ್ಟರೆ ಅದು ಓಡಿ ಬಂದು ಗುದ್ದುತ್ತೆ, ಒತ್ತಿ ಹಿಡಿದರೆ ನಿಮ್ಮ ಮೈಯನ್ನೂ ಜೊತೆಗೆ ತಳ್ಳಿಕೊಂಡು ಹೋಗುತ್ತೆ, ನೋವಾಗಲ್ಲ. ಎಡಗಾಲು ಮುಂದೆ, ಮೈಭಾರ ಮುಂಗಾಲಿನ ಮೇಲೆ. ನಿಂತು ಹೊಡೆದರೆ ಸೊಂಟದಿಂದ ಮೇಲೆ ಇಡೀ ಮೈ ಓಲಾಡಿ ಒದೆತ ಕರಗುತ್ತೆ. ಕೂತು ಹೊಡೆಯೋರಿಗೇ ಪೆಟ್ಟು ಜಾಸ್ತಿ ಅಂತ ನನಗನ್ನಿಸಿದೆ. ಮತ್ತೆ ಬಟ್ ಉದ್ದ ನಿಮ್ಮ ತೋಳಿಗೆ ಸರಿಯಾಗಿದೆಯಾ ನೋಡಿ ಅಣ್ಣ. ಉದ್ದ ಆದರೆ ಗುಳಿಗೆ ಕೂರಲ್ಲ, ತೋಳಿಗೆ ಜಾರುತ್ತೆ. ನಮ್ಮ ಮನೆ ಕೋವಿಯದನ್ನು ನನಗೋಸ್ಕರ ಮುಕ್ಕಾಲು ಇಂಚು ಕತ್ತರಿಸಿದ ಮೇಲೆ ನೀಲಿಗಟ್ಟೋದು ನಿಂತಿತು.

ಉತ್ತರ (ಬೋಯಿಸಿ, ಐಡಹೊ)

ನನ್ನದು ಬೇರೆ ದಾರಿ. ಹಗುರ ರೈಫಲಲ್ಲಿ .308ಕ್ಕಿಂತ ಜೋರಾಗಿ ಒದೆಯೋ .300 ವಿನ್‌ಮ್ಯಾಗ್ ತೋಟಾ ಇಟ್ಟುಕೊಂಡು ಎರಡು ಸೀಸನ್ ಒದ್ದಾಡಿ ಮಾರಿಬಿಟ್ಟೆ, ಈಗ ಒದೆತ ಕಡಿಮೆ ಇರೋ 6.5 ಕ್ರೀಡ್‌ಮೂರ್. ನಿಮಗೆ ಅಷ್ಟು ಬೇಡ. .308ರಲ್ಲೇ 130 ಗ್ರೇನಿನ ತಾಮ್ರದ ಗುಂಡು ಸಿಗುತ್ತೆ, ಒದೆತ ಕಡಿಮೆ, ಸರಿಯಾದ ದೂರದಲ್ಲಿ ಎಲ್ಕ್‌ಗೂ ಆಗುತ್ತೆ. ಕೊಲರಾಡೊದಲ್ಲಿ ಎಲ್ಕ್‌ಗೆ ಕನಿಷ್ಠ 85 ಗ್ರೇನ್ ಗುಂಡು, 100 ಗಜದಲ್ಲಿ 1,000 ಫುಟ್-ಪೌಂಡ್ ಶಕ್ತಿ ಇರಬೇಕು, ಅದನ್ನು ಇದು ಆರಾಮಾಗಿ ದಾಟುತ್ತೆ. ತೋಟಾ ಬದಲಾಯಿಸಿದರೆ ಸ್ಕೋಪ್ ಮತ್ತೆ ಸೊನ್ನೆ ಮಾಡಬೇಕು, ಅಂದರೆ ಗುಂಡು ಬೀಳೋ ಜಾಗಕ್ಕೆ ಹೊಂದಿಸಬೇಕು, ಮರೀಬೇಡಿ.

ಇದನ್ನು ಓದ್ತಿರೋ ಎಚ್-1ಬಿ ಹುಡುಗರಿಗೆ ಒಂದು ಮಾತು. ತಾತ್ಕಾಲಿಕ ವೀಸಾದವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳೋದು ಫೆಡರಲ್ ಕಾನೂನಿನಲ್ಲಿ ಸಾಮಾನ್ಯವಾಗಿ ನಿಷಿದ್ಧ. ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು, ಅದರ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ಗೆಳೆಯನ ರೈಫಲ್ ಕೈಗೆ ತಗೊಳ್ಳೋ ಮೊದಲೇ ವಕೀಲರನ್ನು ಕೇಳಿ.

ಪ್ರಶ್ನೆ ಕೇಳಿದವರು, ಎರಡು ವಾರದ ನಂತರ

ಎಲ್ಲರಿಗೂ ಧನ್ಯವಾದ. ಸಕಲೇಶಪುರದ ಅಣ್ಣ ಹೇಳಿದ ಹಾಗೆ ಹೆಂಡತಿ ಕೈಲಿ ವಿಡಿಯೋ ಮಾಡಿಸಿ ಡಮ್ಮಿ ಪರೀಕ್ಷೆ ಮಾಡಿದೆ. ಆರರಲ್ಲಿ ನಾಲ್ಕು ಸಲ ನಳಿಗೆ ಕೆಳಗಿಳಿದಿದೆ. ನೋಡಿ ಎದೆ ಧಸಕ್ ಅಂತು, ಏಕೆಂದರೆ ನಾನು ಅಲ್ಲಾಡ್ತಿದ್ದೀನಿ ಅಂತ ನನಗೆ ಒಂದು ಸಲವೂ ಅನ್ನಿಸಿರಲಿಲ್ಲ. ಸ್ಕೋಪಿನ ಹಿಂದಿನ ರಿಂಗೂ ಸಡಿಲ ಇತ್ತು.

ಹತ್ತು ದಿನ ಮನೇಲಿ ಖಾಲಿ ಟ್ರಿಗರ್, ಎರಡು ಸಲ .22. ಸ್ಕೋಪ್ ಮುಂದಕ್ಕೆ ಸರಿಸಿದೆ, ಕಿವಿಗೆ ಎರಡೂ ಹಾಕಿದೆ. ನಿನ್ನೆ ಪಾನೀ ಗ್ರಾಸ್‌ಲ್ಯಾಂಡಿನ ಗುರಿ ಜಾಗಕ್ಕೆ ಹೋಗಿ 130 ಗ್ರೇನ್ ತಾಮ್ರದ್ದಕ್ಕೆ ಮತ್ತೆ ಸೊನ್ನೆ ಮಾಡಿ, ಮೂರು ಮೂರರಂತೆ ಹೊಡೆದೆ. ಮೊದಲ ಗುಂಪು ಎರಡು ಇಂಚು, ಎರಡನೆಯದು ಎರಡೂ ಕಾಲು. ಮೂರನೆಯದರಲ್ಲಿ ಕೊನೇ ಗುಂಡು ಮತ್ತೆ ಕೆಳಗೆ ಎಡಕ್ಕೆ, ಅದು ಹೋಗುವಾಗಲೇ ಈ ಸಲ ಗೊತ್ತಾಯಿತು. ಅಲ್ಲಿಗೇ ನಿಲ್ಲಿಸಿ ಮನೆಗೆ ಬಂದೆ. ಕೂತು, ಮಂಡಿಯೂರಿ, ಕೋಲಿನ ಮೇಲೆ ರೈಫಲ್ ಊರಿ ಹತ್ತಿಂಚಿನ ತಟ್ಟೆಗೆ ಎಷ್ಟು ದೂರದವರೆಗೆ ಎಲ್ಲ ಗುಂಡೂ ಬೀಳುತ್ತವೋ ಅಷ್ಟೇ ನನ್ನ ಮಿತಿ ಅಂತ ಇಟ್ಟುಕೊಂಡಿದ್ದೇನೆ. ಸದ್ಯಕ್ಕೆ ಅದು 150 ಗಜ. ಶನಿವಾರ ಬಟ್ ಪ್ಯಾಡ್ ಹಾಕಿಸಿಕೊಂಡು 200ಕ್ಕೆ ನೋಡ್ತೀನಿ.